ಮರಳಿ ಬ್ಲೇಡಿಗೆ

ಮುಖಕ್ಷೌರದ ಚರಿತ್ರೆಯೆಂದರೆ ಗಂಡಸರ ಅವಸರದ ಚರಿತ್ರೆ. ದಿನಾ ಕತ್ತಿ ಮಸೆಯುವ ಕಷ್ಟ ತಪ್ಪಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಬಳಸಿ ಬಿಸಾಡುವ ಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದ. ನೀರು, ಸೋಪು ಕೂಡ ಬೇಡವೆಂದವನು ಜೇಕಬ್ ಶಿಕ್. ಅವನ ವಿದ್ಯುತ್ ರೇಜರ್ 1931ರಲ್ಲಿ ಮಾರಾಟಕ್ಕೆ ಬಂತು.

ನಮ್ಮ ಮನೆಯಲ್ಲಿ ಈ ಚರಿತ್ರೆ ಹಿಂದಕ್ಕೆ ನಡೆದಿದೆ. ಆಫೀಸಿನ ಹೊತ್ತಿಗೆ ಗುರ್ರೆನ್ನಿಸಿ ಓಡುತ್ತಿದ್ದ ನಮ್ಮ ಯಜಮಾನರು ನಿವೃತ್ತರಾದ ಮೇಲೆ ಬ್ರಷ್ಷು ಹಿಡಿದರು. ಬಿಸಿನೀರಿಗೆ ಗಡ್ಡ ನೆನೆದು ಮೆತ್ತಗಾಗಬೇಕು; ನೊರೆಯ ಮೇಲೆ, ಕೂದಲು ಬೆಳೆದ ದಿಕ್ಕಿಗೇ ಬ್ಲೇಡು ಮೆಲ್ಲಗೆ ಸರಿಯಬೇಕು. ಕತ್ತಿನ ಉರಿಯೂ ಹೋಯಿತು, ಮುಖದ ಗಡಿಬಿಡಿಯೂ ಹೋಯಿತು.

ಆ ಬಿಸಿನೀರು ಕಾಯಿಸುವವರು ಯಾರೆಂಬುದು ಮೊದಲ ವಾರವೇ ತೀರ್ಮಾನವಾಯಿತು: ಅವರೇ. ಬೆಳಗಿನ ಬಸ್ಸು ಹಿಡಿಯುವ ಅವಸರ ಈಗ ನನ್ನೊಬ್ಬಳದು ತಾನೆ?