ನೀಲಿ ಮತ್ತು ನೀರು: ಕರುಳಿನ ಪಾಲಿಪ್ ಹುಡುಕಾಟದ ಒಂದು ಚರಿತ್ರೆ

ಕೊಲೊನೋಸ್ಕೊಪಿಯಲ್ಲಿ ಬಣ್ಣ ಮತ್ತು ನೀರಿನ ಬಳಕೆ ಹೇಗೆ ಬಂತು ಎಂಬುದು ಇವತ್ತಿನ ನನ್ನ ವಿಷಯ. ವೈದ್ಯಕೀಯದ ಚರಿತ್ರೆ ಅಂದ ಕೂಡಲೇ ನಾವು ಯಂತ್ರಗಳ ಚರಿತ್ರೆ ಬರೆಯುತ್ತೇವೆ. ಆದರೆ ಯಂತ್ರ ಬಂದ ಮೇಲೂ ಕಾಣದೆ ಉಳಿದದ್ದನ್ನು ಅಗ್ಗದ ಎರಡು ವಸ್ತುಗಳು ತೋರಿಸಿಕೊಟ್ಟವು ಎಂಬುದು ನನ್ನ ವಾದ. ಬದಿಯಡ್ಕದವರಾದ ನಮಗೆ ಇದು ಯಾಕೆ ಮುಖ್ಯ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪಿನ ಮೂಲಕವೇ ಪಾಲಿಪ್ ತೆಗೆದರು. ಅಡಿನೋಮಾ ಎಂಬ ಬಗೆಯ ಪಾಲಿಪ್‌ಗಳನ್ನು ತೆಗೆದರೆ ಕ್ಯಾನ್ಸರ್ ತಗ್ಗುತ್ತದೆ ಎಂಬುದಕ್ಕೆ 1993ರ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ ಬಲವಾದ ಆಧಾರ ಕೊಟ್ಟಿತು. ಆದರೆ ತೆಗೆಯಬೇಕಾದರೆ ಮೊದಲು ಕಾಣಬೇಕಲ್ಲ? ಒಬ್ಬರಿಗೇ ಬೆನ್ನುಬೆನ್ನಿಗೆ ಎರಡು ಸಲ ಪರೀಕ್ಷೆ ಮಾಡಿದ ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೊದಲ ಸಲ ಸುಮಾರು 22 ಶೇಕಡಾ ಪಾಲಿಪ್‌ಗಳು ತಪ್ಪಿಹೋಗಿದ್ದವು. ಹೆಚ್ಚಿನವು ಸಣ್ಣವು, ನಿಜ. ಆದರೂ ಸಂಖ್ಯೆ ಸಣ್ಣದಲ್ಲ.

ಮೊದಲು ಬಣ್ಣದ ಕಥೆ. ಇಂಡಿಗೋ ಕಾರ್ಮೈನ್ ಅಂದರೆ ನೀಲಿಯನ್ನು ಗಂಧಕಾಮ್ಲದಿಂದ ಸಂಸ್ಕರಿಸಿ ನೀರಿನಲ್ಲಿ ಕರಗುವಂತೆ ಮಾಡಿದ ಬಣ್ಣ. ನಮ್ಮಲ್ಲಿ ನೀಲಿಭೃಂಗಾದಿ ತೈಲಕ್ಕೆ ಹಾಕುವ ನೀಲಿ ಗಿಡ ಇದೆಯಲ್ಲ, ಆ ಬಣ್ಣದ್ದೇ ಕುಲ. 1897ರಲ್ಲಿ ಜರ್ಮನಿಯಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಗಿಡದ ಅಗತ್ಯ ಇಲ್ಲದಾಯಿತು. 1970ರ ದಶಕದ ನಡುವಿನಲ್ಲಿ ಜಪಾನಿನ ತಾದಾ ಮತ್ತು ಸಂಗಡಿಗರು ಇದನ್ನು ದೊಡ್ಡ ಕರುಳಿನ ಒಳಗೋಡೆಗೆ ಸಿಂಪಡಿಸಿ ನೋಡಿದರು. ಈ ಬಣ್ಣವನ್ನು ಕರುಳು ಹೀರಿಕೊಳ್ಳುವುದಿಲ್ಲ. ಗದ್ದೆಯ ತಗ್ಗಿನಲ್ಲಿ ಮಳೆನೀರು ನಿಂತ ಹಾಗೆ ಸಣ್ಣ ಕುಳಿಗಳಲ್ಲಿ ನಿಲ್ಲುತ್ತದೆ. ಚಪ್ಪಟೆ ಪಾಲಿಪ್‌ನ ಅಂಚು ಎದ್ದು ಕಾಣುತ್ತದೆ. ಮೆಥಿಲೀನ್ ಬ್ಲೂ ಹಾಗಲ್ಲ, ಅದನ್ನು ಜೀವಕೋಶಗಳು ಹೀರುತ್ತವೆ. 1990ರ ದಶಕದಲ್ಲಿ ಕುಡೋ ಆ ಕುಳಿಗಳ ವಿನ್ಯಾಸವನ್ನೇ ವರ್ಗೀಕರಿಸಿದರು.

ನೀರು ಬಂದದ್ದು ಬೇರೆ ದಾರಿಯಲ್ಲಿ, ನೋಡುವುದಕ್ಕಲ್ಲ, ನೋವು ಮತ್ತು ಕಷ್ಟ ಕಡಿಮೆ ಮಾಡುವುದಕ್ಕೆ. ಗಾಳಿ ತುಂಬಿದರೆ ಕರುಳು ಉಬ್ಬಿ ತಿರುವುಗಳು ಚೂಪಾಗುತ್ತವೆ. ತಿರುವು ದಾಟುವುದು ಕಷ್ಟವಾದಲ್ಲಿ ನೀರು ಬಿಡುವ ಉಪಾಯವನ್ನು 1984ರಲ್ಲಿ ಫಾಲ್ಚಕ್ ಮತ್ತು ಗ್ರಿಫಿನ್ ಪ್ರಕಟಿಸಿದರು. ಮುಂದೆ ಲಾಸ್ ಏಂಜಲೀಸಿನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಫೆಲಿಕ್ಸ್ ಲ್ಯೂಂಗ್, ಮಂಪರು ಮದ್ದಿಲ್ಲದೆ ಪರೀಕ್ಷೆ ಮಾಡುವ ಸಂದರ್ಭದಲ್ಲಿ ಇದನ್ನು ಬೆಳೆಸಿದರು. ಅದರ ಹಿಂದೆ ಇದ್ದದ್ದು ದಾದಿಯರ ಕೊರತೆ. ಕೊಳೆನೀರನ್ನೂ ಗಾಳಿಯನ್ನೂ ಹೀರಿ ತೆಗೆಯುತ್ತಾ ಶುದ್ಧ ನೀರು ಬಿಡುತ್ತಾ ಹೋದಾಗ ನೋವು ಇಳಿಯಿತು; ಜೊತೆಗೆ ಕರುಳು ತೊಳೆದುಹೋಗಿ ಹೆಚ್ಚು ಅಡಿನೋಮಾಗಳು ಸಿಕ್ಕವು. 2012ರಲ್ಲಿ ಆ ನೀರಿಗೇ ಇಂಡಿಗೋ ಕಾರ್ಮೈನ್ ಬೆರೆಸಿದ ಪ್ರಯೋಗವೂ ಪ್ರಕಟವಾಯಿತು.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, "ಹಾಗಾದ್ರೆ ಎಲ್ಲ ಕಡೆ ಯಾಕೆ ಮಾಡೋದಿಲ್ಲ?" ಒಳ್ಳೆ ಪ್ರಶ್ನೆ. ವಸ್ತು ಅಗ್ಗ, ಸಮಯ ದುಬಾರಿ. ಇಡೀ ಕರುಳಿಗೆ ಬಣ್ಣ ಸಿಂಪಡಿಸಲು ಹೆಚ್ಚು ಹೊತ್ತು ಬೇಕು. ಸಾಮಾನ್ಯ ಅಪಾಯದವರಲ್ಲಿ ಬಣ್ಣದ ಲಾಭ ಅಲ್ಪ ಅಂತ 2010ರ ಅಮೆರಿಕದ ಒಂದು ಪ್ರಯೋಗ ತೋರಿಸಿತು. ದೀರ್ಘಕಾಲದ ಕರುಳಿನ ಉರಿಯೂತ ಇರುವವರಲ್ಲಿ ಮಾತ್ರ, 2003ರಲ್ಲಿ ಜರ್ಮನಿಯ ಕೀಸ್ಲಿಚ್ ತಂಡ 165 ರೋಗಿಗಳಲ್ಲಿ ನೋಡಿದಂತೆ, ಬಣ್ಣದ ಉಪಯೋಗ ಸ್ಪಷ್ಟ.

ಈಗ ನಮ್ಮೂರಿಗೆ ಬರೋಣ. ಬದಿಯಡ್ಕದವರು ದೊಡ್ಡ ಕಾಯಿಲೆ ಅಂದರೆ ಮಂಗಳೂರಿಗೇ ಹೋಗುವುದು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸಪೂರ ಅಂತ ಗೊತ್ತಾಯಿತು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿದ್ದರೂ, ಮರುತಿಂಗಳು ಅದು ತೆರೆದದ್ದು ಕೋವಿಡ್ ಆಸ್ಪತ್ರೆಯಾಗಿ. ಕೊಲೊನೋಸ್ಕೊಪಿಗೆ ದೂರ ಎಂಬುದು ಬರೀ ಬಸ್ ಚಾರ್ಜಿನ ಪ್ರಶ್ನೆ ಅಲ್ಲ. ಬೆಳಗಿನ ಜಾವ ಭೇದಿಮದ್ದು ಕುಡಿದವರು ಬಸ್ಸಿನಲ್ಲಿ ಕೂತುಕೊಳ್ಳುವುದು ಹೇಗೆ? ಮದ್ದು ಅರ್ಧಕ್ಕೆ ಬಿಟ್ಟರೆ ಕರುಳು ಶುಚಿಯಾಗುವುದಿಲ್ಲ. ಶುಚಿಯಾಗದಿದ್ದರೆ ಪಾಲಿಪ್ ಕಾಣುವುದಿಲ್ಲ.

ಹಾಗಾಗಿ ನಮ್ಮ ಬೇಡಿಕೆ "ಮೆಷಿನ್ ಕೊಡಿ" ಎಂಬಲ್ಲಿಗೆ ನಿಲ್ಲಬಾರದು. ಹತ್ತಿರದಲ್ಲೇ ಪರೀಕ್ಷೆ, ನೀರಿನ ಕ್ರಮದಲ್ಲಿ ತರಬೇತಾದ ವೈದ್ಯರು, ಪ್ರತಿ ರೋಗಿಗೆ ಸಾಕಷ್ಟು ಹೊತ್ತು, ಎಷ್ಟು ಜನರಲ್ಲಿ ಅಡಿನೋಮಾ ಸಿಕ್ಕಿತು ಎಂಬ ಲೆಕ್ಕ, ಇವೆಲ್ಲ ಅದರಲ್ಲಿ ಸೇರಬೇಕು. ಕೊರತೆಯ ನಡುವೆ ಬೆಳೆದ ಈ ವಿಧಾನ ಕೊರತೆಯ ಊರಿಗೆ ಒಗ್ಗೀತು ಎಂದು ನನ್ನ ಅಭಿಪ್ರಾಯ. ಇದನ್ನು ಚರ್ಚೆಗೆ ಬಿಡುತ್ತೇನೆ.