ಕ್ಷಮೆ ಸಿಗದ ಮಗ: 'ರೋಜೋ ನೋ ರೇಯ್ಕೋನ್' ಮೂಕಚಿತ್ರದ ದೃಶ್ಯಜೋಡಣೆ

ದಾರಿ ತಪ್ಪಿ ಮರಳಿದ ಮಗನನ್ನು ತಂದೆ ಓಡಿಬಂದು ತಬ್ಬಿಕೊಳ್ಳುವ ಕಥೆ ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿದೆ. ಮಿನೋರು ಮುರಾತಾ 1921ರಲ್ಲಿ ನಿರ್ದೇಶಿಸಿದ ಜಪಾನಿನ ಮೂಕಚಿತ್ರ 'ರೋಜೋ ನೋ ರೇಯ್ಕೋನ್' (ಹಾದಿಯ ಮೇಲಿನ ಆತ್ಮಗಳು) ಮಗನನ್ನು ಮನೆಯ ಬಾಗಿಲವರೆಗೂ ಕರೆತರುತ್ತದೆ. ಆದರೆ ಅಲ್ಲಿ ತಬ್ಬಿಕೊಳ್ಳುವ ತಂದೆಯಿಲ್ಲ. ಸಂಗೀತಗಾರನಾಗಲು ಟೋಕಿಯೋಗೆ ಹೋಗಿ ಸೋತ ಕೋಯಿಚಿರೋ, ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಹಿಮ ಸುರಿಯುವ ಊರಿಗೆ ಬರುತ್ತಾನೆ. ತಂದೆಯ ಮನಸ್ಸು ಕರಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಮಗ ಹಿಮದಲ್ಲಿ ಹೆಣವಾಗಿರುತ್ತಾನೆ.

ಈ ಕಥೆಗೆ ಎರಡು ಮೂಲಗಳಿವೆ. ತಂದೆ-ಮಗನ ಭಾಗ ಬಂದದ್ದು ಜರ್ಮನ್ ನಾಟಕಕಾರ ವಿಲ್ಹೆಲ್ಮ್ ಶ್ಮಿಟ್‌ಬಾನ್‌ನ ನಾಟಕದಿಂದ. ಅದನ್ನು ಅನುವಾದಿಸಿ ಜಪಾನಿಗೆ ತಂದವರು ಲೇಖಕ ಮೋರಿ ಓಗಾಯ್. ಇನ್ನೊಂದು ಭಾಗ ರಷ್ಯನ್ ಲೇಖಕ ಗೋರ್ಕಿಯ 'ಲೋಯರ್ ಡೆಪ್ತ್ಸ್' ನಾಟಕದ್ದು. ಅಲ್ಲಿ ಅಲೆಮಾರಿ ಮುದುಕ ಲೂಕಾ ತನ್ನ ಹಳೆಯ ಅನುಭವವೊಂದನ್ನು ಹೇಳುತ್ತಾನೆ: ಸೈಬೀರಿಯಾದ ತೋಮ್ಸ್ಕ್ ಬಳಿ ಒಂದು ಮನೆ ಕಾಯುತ್ತಿದ್ದಾಗ ಕಳ್ಳತನಕ್ಕೆ ಬಂದ ಇಬ್ಬರನ್ನು ಹಿಡಿದ, ಒಬ್ಬನಿಂದ ಇನ್ನೊಬ್ಬನಿಗೆ ಹೊಡೆಸಿದ, ಹಸಿದಿದ್ದಾರೆಂದು ತಿಳಿದಾಗ ರೊಟ್ಟಿ ಕೊಟ್ಟ, ಚಳಿಗಾಲವನ್ನೆಲ್ಲ ಅವರು ಅವನ ಜೊತೆಗೇ ಕಳೆದರು. ಚಿತ್ರಕಥೆ ಬರೆದ ಕಿಯೊಹಿಕೊ ಉಶಿಹಾರಾ ಆ ಇಬ್ಬರನ್ನು ಸೆರೆಮನೆಯಿಂದ ಬಿಡುಗಡೆಯಾದ ಕೈದಿಗಳನ್ನಾಗಿಸಿ, ಕೋಯಿಚಿರೋನ ಊರಿನ ಬಂಗಲೆಯೊಂದಕ್ಕೆ ನುಗ್ಗಿಸುತ್ತಾರೆ. ಕಾವಲುಗಾರ ಅವರಿಗೆ ಕರುಣೆ ತೋರುತ್ತಾನೆ.

ಅಮೆರಿಕದ ನಿರ್ದೇಶಕ ಗ್ರಿಫಿತ್‌ನ 'ಇಂಟಾಲರೆನ್ಸ್' ಚಿತ್ರ ಜಪಾನಿನಲ್ಲಿ ತೆರೆಕಂಡದ್ದು 1919ರಲ್ಲಿ. ಮುರಾತಾ ಚಿತ್ರ ಈ ಎರಡು ಕಥೆಗಳನ್ನು ಒಂದರ ನಡುವೆ ಒಂದರಂತೆ ತೋರಿಸುವ ಸಮಾನಾಂತರ ಜೋಡಣೆ ಅದರ ಪ್ರಭಾವವೆಂಬುದು ಸರಿ. ಆದರೆ ಅಷ್ಟಕ್ಕೇ ನಿಲ್ಲುವುದು ಚಿತ್ರಕ್ಕೆ ಅನ್ಯಾಯ. ಗ್ರಿಫಿತ್‌ನ ಆಧುನಿಕ ಕಥೆಯಲ್ಲಿ ಜೋಡಣೆ ಕೊನೆಗೆ ರಕ್ಷಣೆಯ ಓಟವಾಗುತ್ತದೆ: ಗಲ್ಲಿಗೇರಲಿರುವವನಿಗಾಗಿ ಕ್ಷಮಾದಾನದ ಪತ್ರ ಧಾವಿಸಿ ಬರುತ್ತದೆ. ಇಲ್ಲಿ ಯಾರೂ ಯಾರನ್ನೂ ಉಳಿಸಲು ಓಡುವುದಿಲ್ಲ. ಒಂದೇ ಊರು, ಒಂದೇ ಚಳಿ. ಅಪರಿಚಿತ ಕಳ್ಳರಿಗೆ ಸಿಕ್ಕ ಕರುಣೆ ಹೆತ್ತ ಮಗನಿಗೆ ಸಿಗಲಿಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಪ್ರೇಕ್ಷಕನದು. ಪರದೆಯ ಪಕ್ಕದಲ್ಲಿ ನಿಂತ ಬೆನ್ಷಿ ಕಥೆ ಹೇಳಿ ಅರ್ಥ ಬಿಡಿಸುತ್ತಿದ್ದ, ಹೆಣ್ಣಿನ ಪಾತ್ರವನ್ನು ಗಂಡಸರೇ ಆಡುವ ರೂಢಿಯೂ ಉಳಿದಿದ್ದ ಕಾಲದಲ್ಲಿ, ಹೆಂಡತಿಯ ಪಾತ್ರವನ್ನು ನಟಿ ಹಾರುಕೊ ಸಾವಾಮುರಾಗೆ ಕೊಟ್ಟು, ತೀರ್ಪನ್ನು ದೃಶ್ಯಗಳ ಜೋಡಣೆಗೆ ಬಿಟ್ಟದ್ದು ದೊಡ್ಡ ಧೈರ್ಯವೆಂದೇ ನನ್ನ ಎಣಿಕೆ.

ತಂದೆಯಾಗಿ ನಟಿಸಿದವರು ಕಾವೊರು ಒಸಾನಾಯ್. 1909ರಲ್ಲಿ 'ಜಿಯೂ ಗೆಕಿಜೋ' ತಂಡ ಕಟ್ಟಿ ಜಪಾನಿನ ಹೊಸ ರಂಗಭೂಮಿಗೆ ನೆಲೆ ಕೊಟ್ಟವರು. ಮರುವರ್ಷ ಗೋರ್ಕಿಯ ಇದೇ ನಾಟಕವನ್ನು ರಂಗಕ್ಕೆ ತಂದವರು. ಶೋಚಿಕು ಸಂಸ್ಥೆಯ ಈ ಚಿತ್ರದ ಮೇಲ್ವಿಚಾರಣೆಯೂ ಅವರದೇ. ಲೂಕಾನ ಕರುಣೆಯನ್ನು ಜಪಾನಿನ ರಂಗದ ಮೇಲೆ ನುಡಿಸಿದವರೇ ತೆರೆಯ ಮೇಲೆ ಕರುಣೆಯಿಲ್ಲದ ತಂದೆಯಾದರು. ಹಾಗಾಗಿ ಆ ತಂದೆಯನ್ನು ಬರೀ ಹಳೆಯ ಕಾಲದ ಕ್ರೂರಿಯೆಂದು ಓದಿ ಮುಗಿಸಲಾಗದು. ಹೊಸ ವಿಚಾರವನ್ನು ಅರಿತವನ ಮನೆಯಲ್ಲೂ ಬಾಗಿಲು ಮುಚ್ಚಿಕೊಳ್ಳಬಹುದೆಂಬ ಆತಂಕವೂ ಈ ಪಾತ್ರಹಂಚಿಕೆಯಲ್ಲಿದೆ.