ತಕ್ಕಡಿಗೆ ಬಿದ್ದ ಯಂತ್ರಗಳು

1984ರ ಜನವರಿ 16ರಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಲಾರಿಯೊಂದು ದಾರಿ ತಪ್ಪಿ ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಬಳಿ ಹಾದುಹೋಯಿತು. ಅಲ್ಲಿದ್ದ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡಿತು. ಲಾರಿಯಲ್ಲಿ ಇದ್ದದ್ದು ಬಾಂಬೂ ಅಲ್ಲ, ಯುರೇನಿಯಮ್ಮೂ ಅಲ್ಲ. ಮನೆ ಕಟ್ಟಲು ಬಳಸುವ ಕಬ್ಬಿಣದ ಕಂಬಿ. ಆ ಕಂಬಿಯ ಮೂಲ ಹುಡುಕುತ್ತ ಹೋದವರು ಗಡಿ ದಾಟಿ ಮೆಕ್ಸಿಕೋದ ಸಿಯುದಾದ್ ಹ್ವಾರೆಸ್ ಪಟ್ಟಣದ ಒಂದು ಗುಜರಿ ಅಂಗಡಿ ಮುಟ್ಟಿದರು. ಅಲ್ಲಿಂದ ಮುಂದೆ ಒಂದು ಖಾಸಗಿ ಆಸ್ಪತ್ರೆಯ ಗೋದಾಮು.

ಆ ಗೋದಾಮಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಯಂತ್ರವೊಂದು ಆರು ವರ್ಷ ಸುಮ್ಮನೆ ಬಿದ್ದಿತ್ತು. ಅಮೆರಿಕದ ಆಸ್ಪತ್ರೆಯೊಂದು ಬಳಸಿ ಬಿಟ್ಟಿದ್ದ ಯಂತ್ರ ಅದು. 1977ರಲ್ಲಿ ಸೆಕೆಂಡ್ ಹ್ಯಾಂಡ್ ಮಾಲಾಗಿ ಗಡಿ ದಾಟಿ ಬಂದಿತ್ತು. ಯಂತ್ರ ಬಂತು, ಅದನ್ನು ನಡೆಸಬಲ್ಲ ತಜ್ಞರು ಬರಲಿಲ್ಲ. 1983ರ ಡಿಸೆಂಬರಿನಲ್ಲಿ ಆಸ್ಪತ್ರೆಯ ನೌಕರನೊಬ್ಬ ಅದರ ಭಾಗಗಳನ್ನು ಕಳಚಿ ತೂಕಕ್ಕೆ ಮಾರಿದ. ಒಳಗಿನ ಉಕ್ಕಿನ ಡಬ್ಬಿಯಲ್ಲಿ ರಾಗಿ ಕಾಳಿನ ಗಾತ್ರದ ಸುಮಾರು 6,000 ಕೋಬಾಲ್ಟ್ ಗುಳಿಗೆಗಳಿದ್ದವು. ಡಬ್ಬಿಗೆ ತೂತು ಬಿದ್ದು ಗುಳಿಗೆಗಳು ಅವನ ಗಾಡಿಯಲ್ಲಿ, ರಸ್ತೆಯಲ್ಲಿ, ಗುಜರಿ ರಾಶಿಯಲ್ಲಿ ಚೆಲ್ಲಿದವು. ರಾಶಿ ಕುಲುಮೆಗೆ ಹೋಯಿತು. ಕಂಬಿಯಾಯಿತು, ಮೇಜಿನ ಕಾಲಾಯಿತು. ಕೆಟ್ಟು ನಿಂತ ಆ ಗಾಡಿಯ ಮೇಲೆ ಬೀದಿಯ ಮಕ್ಕಳು ವಾರಗಟ್ಟಲೆ ಆಡಿದರು. ಮೆಕ್ಸಿಕೋದಲ್ಲಿ ಆ ಕಂಬಿ ಹಾಕಿ ಕಟ್ಟಿದ 814 ಕಟ್ಟಡಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಕೆಡವಬೇಕಾಯಿತು.

ಈ ಕತೆಯಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ. ಇಲ್ಲಿ ಏನೂ ಪೋಲಾಗಿಲ್ಲ. ಒಂದು ದೇಶಕ್ಕೆ ಬೇಡವಾದದ್ದು ಇನ್ನೊಂದಕ್ಕೆ ಹೋಯಿತು, ಅಲ್ಲಿಗೂ ಬೇಡವಾದಾಗ ಕರಗಿ ಹೊಸ ವಸ್ತುವಾಯಿತು. ಇವತ್ತು ನಾವು ಹೊಗಳುವ ಮರುಬಳಕೆಯ ದಾರಿ ಇದೇ ಅಲ್ಲವೆ?

ಹಳೆಯದನ್ನು ದಾಟಿಸುವ ವಿದ್ಯೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರ, ಹರಿದ ಕುಪ್ಪಸ ಎಲ್ಲವೂ ಕೌದಿಯಾಗುತ್ತವೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಿಗೆ ಈಗ ಪ್ರದರ್ಶನಗಳಲ್ಲಿ ಜಾಗ ಸಿಕ್ಕಿದೆ. ಒಡೆದ ಕಂಚಿನ ಬಟ್ಟಲು ಕಂಚುಗಾರನ ಮೂಸೆಗೆ ಹೋಗುತ್ತಿತ್ತು. ತಾಮ್ರದ ಪಾತ್ರೆಗೆ ಕಲಾಯಿಯವನು ಬರುತ್ತಿದ್ದ. ಇದನ್ನು ಬಡತನದ ಜಾಣ್ಮೆ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವುದು ಅದರ ಹಿಂದಿನ ತಿಳಿವಳಿಕೆ. ಕೌದಿ ಹೊಲಿಯುವವಳಿಗೆ ಯಾವ ಬಟ್ಟೆ ಎಷ್ಟು ಸವೆದಿದೆ, ಯಾವುದು ಒಳಪದರಕ್ಕೆ, ಯಾವುದು ಮೇಲಕ್ಕೆ ಎಂಬುದು ಮುಟ್ಟಿದರೆ ಗೊತ್ತು. ಕಂಚುಗಾರ ಲೋಹವನ್ನು ಬಡಿದು ಸದ್ದು ಕೇಳಿ ಅಳೆಯುತ್ತಾನೆ. ವಸ್ತು ಕೈ ಬದಲಾಯಿಸಿದಾಗ ಅದರ ಬಗೆಗಿನ ಅರಿವೂ ಜೊತೆಯಲ್ಲೇ ಹೋಗುತ್ತಿತ್ತು, ಏಕೆಂದರೆ ಆ ಅರಿವು ಊರಿನಲ್ಲಿ ಎಲ್ಲರದೂ ಆಗಿತ್ತು.

ಆಸ್ಪತ್ರೆಯ ಯಂತ್ರ ಹಾಗಲ್ಲ. ಅದರ ಅರಿವು ನಾಲ್ಕು ಜನರಲ್ಲಿ, ಒಂದು ಕಡತದಲ್ಲಿ ಇರುತ್ತದೆ. ಆ ನಾಲ್ವರು ವರ್ಗವಾದರೆ, ನಿವೃತ್ತರಾದರೆ, ಉಳಿಯುವುದು ಬರೀ ತೂಕ. ಗುಜರಿಯ ತಕ್ಕಡಿ ಬೇರೇನನ್ನೂ ಅಳೆಯಲಾರದು.

ಬ್ರೆಜಿಲ್ ದೇಶದ ಗೊಯಾನಿಯಾ ಪಟ್ಟಣದಲ್ಲಿ ನಡೆದದ್ದು ಇದರ ಅತ್ಯಂತ ದುಃಖದ ಉದಾಹರಣೆ. ಅಲ್ಲಿನ ವಿಕಿರಣ ಚಿಕಿತ್ಸಾಲಯವೊಂದು 1985ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಸೀಸಿಯಂ-137 ತುಂಬಿದ ಹಳೆಯ ಯಂತ್ರ ಮಾತ್ರ ಅರ್ಧ ಕೆಡವಿದ ಕಟ್ಟಡದಲ್ಲೇ ಉಳಿಯಿತು. 1987ರ ಸೆಪ್ಟೆಂಬರ್ 13ರಂದು ಇಬ್ಬರು ಒಳಹೊಕ್ಕು, ಬೆಲೆಬಾಳುವ ಲೋಹ ಸಿಕ್ಕಿತೆಂದು ಅದರ ತಲೆಭಾಗವನ್ನು ಕೈಗಾಡಿಯಲ್ಲಿ ಹಾಕಿಕೊಂಡು ಹೋದರು. ಐದು ದಿನದ ನಂತರ ಅದು ಗುಜರಿ ಅಂಗಡಿಯಲ್ಲಿತ್ತು. ರಾತ್ರಿ ಅದರಿಂದ ನೀಲಿ ಬೆಳಕು ಹೊಮ್ಮುವುದನ್ನು ಅಂಗಡಿಯವನು ಕಂಡ. ಒಳಗಿದ್ದದ್ದು ಸುಮಾರು 93 ಗ್ರಾಂ ಪುಡಿ. ಹೊಳೆಯುವ ಪುಡಿಯನ್ನು ನೆಂಟರಿಗೂ ಸ್ನೇಹಿತರಿಗೂ ಹಂಚಿದ. ಅವನ ಸಹೋದರನ ಆರು ವರ್ಷದ ಮಗಳು ಅದರೊಂದಿಗೆ ಆಡಿ, ಅದೇ ಕೈಯಲ್ಲಿ ಊಟ ಮಾಡಿದಳು.

ಮನೆಯವರೆಲ್ಲ ಕಾಯಿಲೆ ಬಿದ್ದಾಗ, ಈ ಪುಡಿಯೇ ಕಾರಣವಿರಬೇಕೆಂದು ಮೊದಲು ಊಹಿಸಿದ್ದು ಯಾವ ಅಧಿಕಾರಿಯೂ ಅಲ್ಲ, ಆ ಅಂಗಡಿಯವನ ಹೆಂಡತಿ. ಉಳಿದ ಚೂರುಗಳನ್ನು ಚೀಲಕ್ಕೆ ತುಂಬಿಸಿ, ಬಸ್ಸಿನಲ್ಲಿ ಕೊಂಡೊಯ್ದು ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಇಟ್ಟಳು. ಮರುದಿನ ಭೌತವಿಜ್ಞಾನಿಯೊಬ್ಬರು ಅಳತೆ ಮಾಡಿದ ಮೇಲೆ ಊರು ಎಚ್ಚೆತ್ತಿತು. 1,12,000ಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ಪರೀಕ್ಷಿಸಿದರು. 249 ಜನರಲ್ಲಿ ವಿಕಿರಣದ ಅಂಶ ಕಂಡಿತು. ನಾಲ್ವರು ಸತ್ತರು: ಆ ಹುಡುಗಿ, ಆ ಹೆಂಗಸು, ಅಂಗಡಿಯ ಇಬ್ಬರು ಕೆಲಸಗಾರರು. ಮಗುವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಹೂಳಲು ತಂದಾಗ ಊರ ಜನ ಹೆದರಿ ಕಲ್ಲು ತೂರಿದರು. ಗುಜರಿಯವರ ಅಜ್ಞಾನದ ಕತೆಯೆಂದು ಇದನ್ನು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತಿದ್ದವರು ಯಂತ್ರವನ್ನು ಬಿಟ್ಟುಹೋದರು, ಗೊತ್ತಿಲ್ಲದ ಹೆಂಗಸು ಅದನ್ನು ಪತ್ತೆಹಚ್ಚಿದಳು.

ನಮ್ಮಲ್ಲೂ ನಡೆದಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ್ದ ಗಾಮಾ ಯಂತ್ರವೊಂದು 1985ರಿಂದ ಬಳಕೆಯಿಲ್ಲದೆ ಇತ್ತು. ಅದು ಚಿಕಿತ್ಸೆಯದಲ್ಲ, ಸಂಶೋಧನೆಯ ಯಂತ್ರ. ಆದರೆ ಒಳಗಿದ್ದದ್ದು ಅದೇ ಕೋಬಾಲ್ಟ್. 2010ರ ಫೆಬ್ರವರಿಯಲ್ಲಿ ಹಳೆಯ ಸಾಮಾನಿನ ಜೊತೆ ಹರಾಜಾಗಿ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂತು. ಕೆಲಸಗಾರರು ಸೀಸದ ಕವಚ ಬಿಚ್ಚಿದರು. ಏಪ್ರಿಲ್ ಹೊತ್ತಿಗೆ ಕೈ ಸುಟ್ಟವರು, ಕೂದಲು ಉದುರಿದವರು ಆಸ್ಪತ್ರೆ ಸೇರಿದ್ದರು, ಒಬ್ಬರು ಉಳಿಯಲಿಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನ ಸಾಲೊಂದನ್ನು ಹೊಡೆದುಹಾಕುವ ಕೆಲಸವನ್ನು ನಾವು, ವಿಶ್ವವಿದ್ಯಾಲಯದ ಮಂದಿ, ಎಷ್ಟು ಹಗುರವಾಗಿ ನೋಡುತ್ತೇವೆ ಎಂದು ಆಗಾಗ ಅನಿಸುತ್ತದೆ.

ಎಲ್ಲ ಯಂತ್ರವೂ ವಿಷವಲ್ಲ, ನಿಜ. ಬಹುಪಾಲು ಉಪಕರಣಗಳ ಸಾವು ಸದ್ದಿಲ್ಲದ್ದು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಉಪಕರಣಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ. 40ರಷ್ಟು ಕೆಲಸ ಮಾಡುತ್ತಿರಲಿಲ್ಲ. ಬಿಡಿಭಾಗ ಇಲ್ಲ, ಕೈಪಿಡಿ ಇಲ್ಲ, ರಿಪೇರಿ ಬಲ್ಲವರಿಲ್ಲ. ದಾನ ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಗೋದಾಮಿನ ಭಾರ.

ಇದಕ್ಕೆ ತದ್ವಿರುದ್ಧವಾದ ಕತೆ ಪೇಸ್‌ಮೇಕರಿನದು. ದಹನಕ್ಕೆ ಮುಂಚೆ ಅದನ್ನು ದೇಹದಿಂದ ತೆಗೆಯಲೇಬೇಕು, ಇಲ್ಲದಿದ್ದರೆ ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ತೆಗೆದದ್ದು ಎಷ್ಟೋ ವರ್ಷ ಬಾಳಬಲ್ಲದ್ದಾಗಿದ್ದರೂ ಕಸಕ್ಕೆ ಹೋಗುತ್ತದೆ. ಅಮೆರಿಕದ ಮೃತರ ಕುಟುಂಬಗಳು ಕೊಟ್ಟ ಪೇಸ್‌ಮೇಕರುಗಳನ್ನು ಮುಂಬೈಯ ಆಸ್ಪತ್ರೆಯೊಂದರಲ್ಲಿ 53 ಬಡ ರೋಗಿಗಳಿಗೆ ಅಳವಡಿಸಿದ ವರದಿ 2011ರ ಸುಮಾರಿಗೆ ಬಂತು. ಕೆನಡಾದ ಮಾಂಟ್ರಿಯಲ್ ಹೃದಯ ಸಂಸ್ಥೆಯವರು 1983ರಿಂದಲೇ ಈ ಕೆಲಸ ನಡೆಸಿದ್ದಾರೆ. ಅಲ್ಲಿಂದ ಮೆಕ್ಸಿಕೋ, ಗ್ವಾಟೆಮಾಲಾ ಮುಂತಾದ ಕಡೆ ಹೋದ ಸಾಧನಗಳನ್ನು ಪಡೆದ 1,051 ರೋಗಿಗಳನ್ನು ಎರಡು ವರ್ಷ ಗಮನಿಸಿದಾಗ ಸೋಂಕು ತಗುಲಿದವರು ಶೇ. 2, ಹೊಸ ಸಾಧನ ಪಡೆದವರಲ್ಲಿ ಶೇ. 1.2. ಲೆಕ್ಕಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಣನೀಯವಲ್ಲ. ಒಂದೊಂದನ್ನೂ ತೊಳೆದು, ಬ್ಯಾಟರಿ ಅಳೆದು, ಕ್ರಿಮಿಶುದ್ಧ ಮಾಡಿ, ಯಾವುದು ಯಾರಿಗೆ ಹೋಯಿತೆಂದು ಬರೆದಿಟ್ಟದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು.

ಕೊರೋನಾ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಜನ್ ಕಾನ್ಸನ್‌ಟ್ರೇಟರುಗಳು ಬಂದವು. ಈಗ ಅಂಥವು ವಾಕರ್, ವೀಲ್‌ಚೇರುಗಳ ಪಕ್ಕದಲ್ಲಿ, ಮಂಚದ ಕೆಳಗೆ, ಅಟ್ಟದ ಮೇಲೆ ಇವೆ. ವಾಕರನ್ನು ಯಾರಿಗಾದರೂ ಕೊಡಬಹುದು, ನೋಡಿದರೆ ಅದರ ಬಳಕೆ ತಿಳಿಯುತ್ತದೆ. ಕಾನ್ಸನ್‌ಟ್ರೇಟರಿನ ಒಳಗಿರುವ ಜಿಯೋಲೈಟ್ ಹರಳುಗಳು ಸುಮ್ಮನೆ ಇಟ್ಟರೂ ತೇವ ಹೀರಿ ಕೆಡುತ್ತವೆ. ಆಮೇಲೆ ಯಂತ್ರ ಗುಯ್ಗುಡುತ್ತದೆ, ಗಾಳಿಯೂ ಬರುತ್ತದೆ, ಆ ಗಾಳಿಯಲ್ಲಿ ಆಮ್ಲಜನಕ ಬೇಕಾದಷ್ಟು ಇರುವುದಿಲ್ಲ. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರ್ ಇದ್ದರೆ ಆ ಅಂಕಿ, ಕೊಂಡ ತಿಂಗಳು, ಕೊನೆಯ ಬಾರಿ ಫಿಲ್ಟರ್ ಬದಲಿಸಿದ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಲು ಐದು ನಿಮಿಷ ಸಾಕು. ಪಡೆದವರು ಮೊದಲು ಅದರ ಆಮ್ಲಜನಕದ ಪ್ರಮಾಣವನ್ನು ಅಳೆಸಬೇಕು, ಆಮೇಲೆ ರೋಗಿಗೆ ಹಚ್ಚಬೇಕು.